ತಾಯಿಯ ರಕ್ತ ಹೇಳುವ ಮಾಸಿನ ಸುದ್ದಿ: ಎಫ್‌ಜಿಆರ್ ಮಾರ್ಕರ್‌ಗಳ ಬಗ್ಗೆ ನನ್ನ ಟಿಪ್ಪಣಿ

ಹೊಟ್ಟೆಯಲ್ಲಿರುವ ಮಗುವಿನ ಬೆಳವಣಿಗೆ ಕುಂಠಿತವಾಗುವುದರ (ಎಫ್‌ಜಿಆರ್) ಸುಳಿವು ಕೊಡುವ, ತಾಯಿಯ ರಕ್ತದಲ್ಲಿ ಅಳೆಯುವ ಪ್ರೋಟೀನ್‌ಗಳ ಪಟ್ಟಿ ಹೀಗಿದೆ: ಪ್ಯಾಪ್-ಎ ಕಡಿಮೆ, ಪಿಎಲ್‌ಜಿಎಫ್ ಕಡಿಮೆ, ಎಸ್-ಎಫ್‌ಎಲ್‌ಟಿ-1 ಜಾಸ್ತಿ, ಎಎಫ್‌ಪಿ ಜಾಸ್ತಿ. ಇದನ್ನು ಸುಮ್ನೆ ಬಾಯಿಪಾಠ ಮಾಡಿದರೆ ಎರಡೇ ದಿನದಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಅನ್ನುವುದು ಅದಲು ಬದಲಾಗುತ್ತದೆ. ನನಗೂ ಹಾಗೇ ಆಗುತ್ತಿತ್ತು. ಆಮೇಲೆ ಒಂದು ಮಾತು ತಲೆಗೆ ಹೋಯಿತು: ಈ ಯಾವ ಪರೀಕ್ಷೆಯೂ ಮಗುವನ್ನು ಅಳೆಯುತ್ತಿಲ್ಲ, ಅಳೆಯುತ್ತಿರುವುದು ಮಾಸನ್ನು, ಅಂದರೆ ಪ್ಲಸೆಂಟಾವನ್ನು. ಅಲ್ಲಿಂದ ಮುಂದೆ ಎಲ್ಲವೂ ತಾನಾಗಿ ಜೋಡಿಸಿಕೊಳ್ಳುತ್ತದೆ.

ಮೊದಲು ಎರಡು ಪದ ಬೇರೆ ಮಾಡಿಕೊಳ್ಳೋಣ. ಎಸ್‌ಜಿಎ ಅಂದರೆ ಆ ವಾರಕ್ಕೆ ಮಗುವಿನ ತೂಕ 10ನೇ ಸೆಂಟೈಲ್‌ಗಿಂತ ಕಡಿಮೆ, ಅಂದರೆ ಅದೇ ವಾರದ 100 ಮಕ್ಕಳಲ್ಲಿ ಅತಿ ಸಣ್ಣ 10ರೊಳಗೆ, ಅಂತ ಅಷ್ಟೇ. ಅದರಲ್ಲಿ ಎಷ್ಟೋ ಮಕ್ಕಳು ಅಪ್ಪ ಅಮ್ಮನ ಮೈಕಟ್ಟಿನಂತೆ ಸಣ್ಣಗಿರುತ್ತವೆ, ಪೂರ್ತಿ ಆರೋಗ್ಯವಾಗಿರುತ್ತವೆ. ಎಫ್‌ಜಿಆರ್ ಅಂದರೆ ತಾನು ಬೆಳೆಯಬಹುದಾದಷ್ಟು ಬೆಳೆಯಲಾಗದೆ ನಿಂತ ಮಗು. 60ನೇ ಸೆಂಟೈಲ್‌ನಲ್ಲಿದ್ದ ಮಗು ಕೆಲವು ವಾರಗಳಲ್ಲಿ 15ಕ್ಕೆ ಇಳಿದರೆ ಅದು ಎಸ್‌ಜಿಎ ಅಲ್ಲ, ಆದರೂ ಚಿಂತೆ ಮಾಡಬೇಕಾದ ಮಗು. 2016ರಲ್ಲಿ ತಜ್ಞರು ಒಮ್ಮತದಿಂದ ಒಂದು ವ್ಯಾಖ್ಯೆ ಕೊಟ್ಟರು. 32 ವಾರಕ್ಕೆ ಮೊದಲು ಕಂಡರೆ ಬೇಗನೆ ಶುರುವಾದದ್ದು, ನಂತರ ಕಂಡರೆ ತಡವಾಗಿ ಶುರುವಾದದ್ದು. ತೂಕ ಅಥವಾ ಹೊಟ್ಟೆಯ ಸುತ್ತಳತೆ 3ನೇ ಸೆಂಟೈಲ್‌ಗಿಂತ ಕಡಿಮೆ ಇದ್ದರೆ ಅದೊಂದೇ ಸಾಕು. 3ರಿಂದ 10ರ ನಡುವೆ ಇದ್ದರೆ ಡಾಪ್ಲರ್‌ನಲ್ಲಿ (ರಕ್ತದ ಹರಿವು ನೋಡುವ ಸ್ಕ್ಯಾನ್) ತೊಂದರೆಯಂಥ ಇನ್ನೊಂದು ಸಾಕ್ಷಿ ಬೇಕು. ಈ ವ್ಯಾಖ್ಯೆಯೊಳಗೆ ಒಂದೇ ಒಂದು ರಕ್ತ ಪರೀಕ್ಷೆಯೂ ಇಲ್ಲ. ಇದನ್ನು ಮರೆಯಬೇಡಿ.

ಈಗ ಮಾಸಿಗೆ ಏನಾಗುತ್ತದೆ ನೋಡೋಣ. ಗರ್ಭಕೋಶದ ಗೋಡೆಯಲ್ಲಿ ಸುರುಳಿ ಸುರುಳಿಯಾದ ಸಣ್ಣ ರಕ್ತನಾಳಗಳಿವೆ. ಗರ್ಭ ನಿಂತ ಮೊದಲ ತಿಂಗಳುಗಳಲ್ಲಿ ಮಾಸಿನ ಟ್ರೋಫೋಬ್ಲಾಸ್ಟ್ ಕೋಶಗಳು ಈ ನಾಳಗಳೊಳಗೆ ನುಗ್ಗಿ, ಅವುಗಳ ಗೋಡೆಯ ಸ್ನಾಯುವನ್ನು ಕರಗಿಸಿ, ಬಾಯಿ ಅಗಲ ಮಾಡುತ್ತವೆ, ಆಗ ತಾಯಿಯ ರಕ್ತ ನಿಧಾನವಾಗಿ, ಧಾರಾಳವಾಗಿ ಮಾಸಿನ ಸುತ್ತ ತುಂಬಿಕೊಳ್ಳುತ್ತದೆ. ಈ ಕೆಲಸ ಅರ್ಧಕ್ಕೇ ನಿಂತರೆ ನಾಳ ಕಿರಿದಾಗಿಯೇ ಉಳಿಯುತ್ತದೆ. ಪೈಪಿನ ಬಾಯಿ ಬೆರಳಲ್ಲಿ ಒತ್ತಿ ಹಿಡಿದರೆ ನೀರು ರಭಸವಾಗಿ ಚಿಮ್ಮಿ ಎದುರಿನ ಮಣ್ಣನ್ನೇ ಕೊರೆಯುತ್ತದೆ, ಅಲ್ವಾ? ಹಾಗೆ ರಕ್ತ ರಭಸದಿಂದ ಬಂದು ಮಾಸಿನ ನವಿರಾದ ಎಳೆಗಳಿಗೆ ಪೆಟ್ಟು ಕೊಡುತ್ತದೆ. ಎಳೆಗಳ ಮೇಲಿನ ಹೊದಿಕೆಗೆ ಒತ್ತಡ ಬೀಳುತ್ತದೆ. ಆ ಹೊದಿಕೆಯೇ ಈ ಪ್ರೋಟೀನ್‌ಗಳ ಮುಖ್ಯ ಕಾರ್ಖಾನೆ. ಕಾರ್ಖಾನೆ ಕೆಟ್ಟರೆ ಅದರಿಂದ ಹೊರಬರುವುದು ಬದಲಾಗುತ್ತದೆ, ತಾಯಿಯ ತೋಳಿನ ರಕ್ತದಲ್ಲಿ ನಮಗೆ ಸಿಗುವುದು ಆ ಬದಲಾವಣೆ.

ಪ್ಯಾಪ್-ಎ ಮೊದಲ ಮೂರು ತಿಂಗಳ ಮಾರ್ಕರ್. ಡೌನ್ ಸಿಂಡ್ರೋಮ್ ತಪಾಸಣೆಗೆಂದು 11ರಿಂದ 13 ವಾರದ ಆಸುಪಾಸಿನಲ್ಲಿ ಹೇಗೂ ತೆಗೆಯುತ್ತಾರೆ. ಇದು ಒಂದು ಕತ್ತರಿ ಇದ್ದ ಹಾಗೆ. ಬೆಳವಣಿಗೆಗೆ ಬೇಕಾದ ಐಜಿಎಫ್ ಅನ್ನು ಇನ್ನೊಂದು ಪ್ರೋಟೀನ್ ಕಟ್ಟಿ ಹಾಕಿರುತ್ತದೆ, ಪ್ಯಾಪ್-ಎ ಆ ಕಟ್ಟನ್ನು ಕತ್ತರಿಸಿ ಐಜಿಎಫ್ ಅನ್ನು ಬಿಡಿಸುತ್ತದೆ. ಕತ್ತರಿ ಕಡಿಮೆಯಾದರೆ ಕೆಲಸಕ್ಕೆ ಸಿಗುವ ಐಜಿಎಫ್ ಕೂಡ ಕಡಿಮೆ. ವರದಿಯಲ್ಲಿ ಇದನ್ನು ಮೀಡಿಯನ್‌ನ ಎಷ್ಟು ಪಟ್ಟು ಅಂತ ಬರೆಯುತ್ತಾರೆ. 1 ಅಂದರೆ ಸರಿಯಾಗಿ ನಡುವಿನದು. ಸುಮಾರು 0.4ಕ್ಕಿಂತ ಕಡಿಮೆ ಅಂದರೆ 5ನೇ ಸೆಂಟೈಲ್‌ನ ಆಸುಪಾಸು, ಎಚ್ಚರಿಕೆ ಬೇಕು.

ಇಲ್ಲಿ ಒಂದು ಬಲೆ ಇದೆ. ಪ್ಯಾಪ್-ಎ ಆ ವಾರಗಳಲ್ಲಿ ಬಹಳ ಬೇಗ ಏರುತ್ತಿರುತ್ತದೆ. ನಿಜವಾಗಿ 11 ವಾರ ಆಗಿರುವವರಿಗೆ ಮುಟ್ಟಿನ ದಿನ ತಪ್ಪಾಗಿ ಲೆಕ್ಕ ಹಾಕಿ 13 ವಾರ ಅಂತ ಬರೆದರೆ, ಚೆನ್ನಾಗಿರುವ ಪ್ಯಾಪ್-ಎ ಕೂಡ ಕಡಿಮೆ ಅಂತ ಬರುತ್ತದೆ. ಸ್ಕ್ಯಾನ್‌ನಲ್ಲಿ ಮಗುವಿನ ಉದ್ದ ಅಳೆದು ವಾರ ಗಟ್ಟಿ ಮಾಡಿಕೊಂಡೇ ವರದಿ ಓದಬೇಕು. ತಾಯಿಯ ತೂಕ ಜಾಸ್ತಿ ಇದ್ದರೆ ರಕ್ತದ ಪ್ರಮಾಣ ಜಾಸ್ತಿ, ಪ್ರೋಟೀನ್ ತೆಳುವಾಗುತ್ತದೆ, ಅದಕ್ಕೂ ಸರಿಪಡಿಸಬೇಕು. ಸಿಗರೇಟು ಸೇದುವವರಲ್ಲಿ ಪ್ಯಾಪ್-ಎ ಇಳಿಯುತ್ತದೆ, ಪಿಎಲ್‌ಜಿಎಫ್ ಮಾತ್ರ ಏರುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಕೇಳುವಂಥ ವಿಷಯ ಇದು.

ಇನ್ನು ಈ ಲೆಕ್ಕ ನೀವೇ ಕಾಗದದ ಮೇಲೆ ಮಾಡಿ ನೋಡಿ. 1000 ಗರ್ಭಿಣಿಯರಲ್ಲಿ 10ನೇ ಸೆಂಟೈಲ್‌ಗಿಂತ ಕೆಳಗಿನ ಮಕ್ಕಳು 100. ಪ್ಯಾಪ್-ಎ 5ನೇ ಸೆಂಟೈಲ್‌ಗಿಂತ ಕಡಿಮೆ ಇರುವ ತಾಯಂದಿರು 50. ಆ 50 ಜನರ ಮಕ್ಕಳೂ ಸಣ್ಣಗೇ ಹುಟ್ಟಿದವು ಅಂತಿಟ್ಟುಕೊಳ್ಳಿ, ಆಗಲೂ ಉಳಿದ 50 ಸಣ್ಣ ಮಕ್ಕಳು ಪರೀಕ್ಷೆಯ ಕಣ್ಣಿಗೆ ಬೀಳುವುದೇ ಇಲ್ಲ. ವಾಸ್ತವದಲ್ಲಿ ಆ 50ರಲ್ಲಿ ಹೆಚ್ಚಿನವರ ಮಕ್ಕಳು ಸರಿಯಾದ ತೂಕದಲ್ಲೇ ಹುಟ್ಟುತ್ತವೆ. ಹಾಗಾಗಿ ಪ್ಯಾಪ್-ಎ ಕಡಿಮೆ ಬಂದ ತಾಯಿಗೆ ಹೇಳಬೇಕಾದದ್ದು "ಮುಂದೆ ಬೆಳವಣಿಗೆಯ ಸ್ಕ್ಯಾನ್ ಹೆಚ್ಚು ಸಲ ಮಾಡೋಣ" ಅನ್ನುವ ಮಾತು. ಭಯ ಹುಟ್ಟಿಸುವ ಮಾತು ಬೇಡ. ನಾರ್ಮಲ್ ಬಂದವರಿಗೆ "ಎಲ್ಲಾ ಸರಿ, ಇನ್ನೇನೂ ನೋಡಬೇಕಾಗಿಲ್ಲ" ಅನ್ನುವುದೂ ಅಷ್ಟೇ ತಪ್ಪು.

ಎರಡನೆಯ ಜೋಡಿ ಪಿಎಲ್‌ಜಿಎಫ್ ಮತ್ತು ಎಸ್-ಎಫ್‌ಎಲ್‌ಟಿ-1. ನನ್ನ ಮಟ್ಟಿಗೆ ಇಡೀ ಪಾಠದ ಜೀವ ಇಲ್ಲಿದೆ. ಪಿಎಲ್‌ಜಿಎಫ್ ಅನ್ನು 1991ರಲ್ಲಿ ಮಾಸಿನಲ್ಲಿ ಗುರುತಿಸಿದರು. ಇದು ಹೊಸ ರಕ್ತನಾಳ ಬೆಳೆಸುವ ಪ್ರೋಟೀನ್. ನಾಳದ ಗೋಡೆಯ ಮೇಲಿನ ಎಫ್‌ಎಲ್‌ಟಿ-1 ಅನ್ನುವ ಗ್ರಾಹಕಕ್ಕೆ ಅಂಟಿ ಕೆಲಸ ಮಾಡುತ್ತದೆ. ಎಸ್-ಎಫ್‌ಎಲ್‌ಟಿ-1 ಅದೇ ಗ್ರಾಹಕದ ಬಿಡಿ ತುಂಡು, ಗೋಡೆಗೆ ಅಂಟದೆ ರಕ್ತದಲ್ಲಿ ತೇಲಾಡುತ್ತದೆ, ಪಿಎಲ್‌ಜಿಎಫ್ ಗೋಡೆ ಮುಟ್ಟುವ ಮೊದಲೇ ದಾರಿಯಲ್ಲಿ ಹಿಡಿದುಬಿಡುತ್ತದೆ. ಒತ್ತಡದಲ್ಲಿರುವ ಮಾಸು ಪಿಎಲ್‌ಜಿಎಫ್ ಕಡಿಮೆ ಬಿಡುತ್ತದೆ, ಈ ತುಂಡನ್ನು ಜಾಸ್ತಿ ಬಿಡುತ್ತದೆ. ಅದಕ್ಕೇ ಎಸ್-ಎಫ್‌ಎಲ್‌ಟಿ-1 ಅನ್ನು ಪಿಎಲ್‌ಜಿಎಫ್‌ನಿಂದ ಭಾಗಿಸಿ ಎರಡರ ಅನುಪಾತ ನೋಡುವುದು: ಮೇಲಿನದು ಏರಿ ಕೆಳಗಿನದು ಇಳಿದರೆ ಅನುಪಾತ ಎದ್ದು ಕಾಣುತ್ತದೆ.

38 ಅನ್ನುವ ಸಂಖ್ಯೆ ನೀವು ಕೇಳಿರುತ್ತೀರಿ. ಅದು ಪ್ರೀಎಕ್ಲಾಂಪ್ಸಿಯಾ (ಗರ್ಭಿಣಿಯರಲ್ಲಿ ಬಿಪಿ ಏರಿ ಅಂಗಾಂಗಗಳಿಗೆ ಪೆಟ್ಟು ಬೀಳುವ ಕಾಯಿಲೆ) ಸಂಶಯ ಇರುವವರದು. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅನುಪಾತ 38 ಅಥವಾ ಕಡಿಮೆ ಇದ್ದವರಿಗೆ ಮುಂದಿನ ಒಂದು ವಾರ ಆ ಕಾಯಿಲೆ ಬರುವುದಿಲ್ಲ ಅಂತ 99.3 ಶೇಕಡಾ ಭರವಸೆಯಿಂದ ಹೇಳಲಾಯಿತು. ಅದನ್ನು ಹಾಗೇ ಎತ್ತಿಕೊಂಡು ಎಫ್‌ಜಿಆರ್ ಉತ್ತರದಲ್ಲಿ ಬರೆಯಬೇಡಿ. ಇನ್ನೊಂದು, ಪಿಎಲ್‌ಜಿಎಫ್ ಸುಮಾರು 30 ವಾರದವರೆಗೆ ಏರಿ ಆಮೇಲೆ ತಾನಾಗಿಯೇ ಇಳಿಯುತ್ತದೆ. 28 ವಾರದಲ್ಲಿ ಕೆಟ್ಟದ್ದು ಅನ್ನಿಸುವ ಸಂಖ್ಯೆ 37ರಲ್ಲಿ ಸಾಮಾನ್ಯ ಇರಬಹುದು. ಬೇರೆ ಬೇರೆ ಕಂಪನಿಯ ಕಿಟ್‌ಗಳ ಸಂಖ್ಯೆಗಳನ್ನೂ ಹೋಲಿಸಬಾರದು.

ಉಪಯೋಗ ಎಲ್ಲಿ ಅಂತ ನೋಡಲು ಮೂವರು ತಾಯಂದಿರನ್ನು ಊಹಿಸಿಕೊಳ್ಳಿ. ಮೂವರಿಗೂ 30 ವಾರ, ಮೂರೂ ಮಕ್ಕಳು 7ನೇ ಸೆಂಟೈಲ್. ಮೊದಲನೆಯವರ ಪಿಎಲ್‌ಜಿಎಫ್ ಚೆನ್ನಾಗಿದೆ, ಡಾಪ್ಲರ್ ಸರಿ ಇದೆ, ಮಗು ತನ್ನ ಗೆರೆ ಹಿಡಿದು ಬೆಳೆಯುತ್ತಿದೆ. ಹೆಚ್ಚಾಗಿ ಇದು ಸಣ್ಣ ಮೈಕಟ್ಟಿನ ಮಗು, ನೋಡುತ್ತಾ ಇರೋಣ. ಎರಡನೆಯವರದು ಮಿಲಿಲೀಟರ್‌ಗೆ 12 ಪಿಕೋಗ್ರಾಂಗಿಂತ ಕಡಿಮೆ. ಮಾಸು ನಿಜಕ್ಕೂ ಕಷ್ಟದಲ್ಲಿದೆ, ಸ್ಕ್ಯಾನ್ ಹತ್ತಿರ ಹತ್ತಿರ ಬೇಕು, ತಾಯಿಯ ಬಿಪಿ ಮೇಲೂ ಕಣ್ಣಿಡಬೇಕು. ಮೂರನೆಯವರ ಪಿಎಲ್‌ಜಿಎಫ್ ನಾರ್ಮಲ್, ಆದರೆ ಸ್ಕ್ಯಾನ್‌ನಲ್ಲಿ ಮಗುವಿನ ಅಂಗರಚನೆಯಲ್ಲಿ ದೋಷ ಕಾಣುತ್ತಿದೆ. ಇಲ್ಲಿ ಮಾಸು ಚೆನ್ನಾಗಿದ್ದರೂ ಮಗು ಕ್ಷೇಮ ಅನ್ನುವಂತಿಲ್ಲ, ಕ್ರೋಮೋಸೋಮ್ ತೊಂದರೆಯೋ ಸಿಎಂವಿ ವೈರಸ್ ಸೋಂಕೋ ಹುಡುಕಬೇಕು. ಹೆರಿಗೆ ಯಾವಾಗ ಅನ್ನುವ ನಿರ್ಧಾರ ಮಾತ್ರ ಡಾಪ್ಲರ್, ಮಗುವಿನ ಹೃದಯ ಬಡಿತ ಮತ್ತು ತಾಯಿಯ ಸ್ಥಿತಿಯ ಮೇಲೆ ನಿಲ್ಲುತ್ತದೆ.

ಎಎಫ್‌ಪಿ ಬಗ್ಗೆ ಚಿಕ್ಕದಾಗಿ: ಇದು ಮಗುವಿನ ಪ್ರೋಟೀನ್, ಮಾಸಿನ ತಡೆಗೋಡೆ ಹಾಳಾದರೆ ತಾಯಿಯ ಕಡೆಗೆ ಸೋರುತ್ತದೆ. ನರಕೊಳವೆ ದೋಷ (ಮಗುವಿನ ಮೆದುಳು, ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದಿರುವುದು) ಇಲ್ಲದೆಯೂ ಇದು ಏರಿದ್ದರೆ ಮಾಸಿನ ಮೇಲೆ ಸಂಶಯ ಬರಬೇಕು, ಜೊತೆಗೆ ಪ್ಯಾಪ್-ಎ ಕಡಿಮೆ ಇದ್ದರೆ ಇನ್ನೂ ಜಾಸ್ತಿ.

ಬೇಗ ಗೊತ್ತಾದರೆ ಏನು ಮಾಡಬಹುದು? ಪ್ಯಾಪ್-ಎ, ಪಿಎಲ್‌ಜಿಎಫ್, ಬಿಪಿ, ಗರ್ಭಕೋಶದ ರಕ್ತನಾಳದ ಡಾಪ್ಲರ್ ಎಲ್ಲ ಸೇರಿಸಿ ಅಪಾಯ ಹೆಚ್ಚು ಅಂತ ಬಂದವರಿಗೆ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟ 2017ರ ಅಧ್ಯಯನದಲ್ಲಿ 37 ವಾರಕ್ಕೆ ಮೊದಲು ಹೆರಿಗೆ ಆಗುವಂಥ ಪ್ರೀಎಕ್ಲಾಂಪ್ಸಿಯಾ 4.3ರಿಂದ 1.6 ಶೇಕಡಾಕ್ಕೆ ಇಳಿಯಿತು. 16 ವಾರಕ್ಕೆ ಮೊದಲೇ ಶುರು ಮಾಡಬೇಕು. ಕಾಯಿಲೆ ಬೇರೆ, ಆದರೆ ಬೇಗನೆ ಶುರುವಾಗುವ ಎಫ್‌ಜಿಆರ್‌ನ ಬೇರೂ ಹೆಚ್ಚಾಗಿ ಅದೇ ಮಾಸು.

ಕೊನೆಗೆ ಉಳಿಯುವುದು 32 ವಾರದ ನಂತರದ ಎಫ್‌ಜಿಆರ್. ಸಂಖ್ಯೆಯಲ್ಲಿ ಇದೇ ಜಾಸ್ತಿ, ಮತ್ತು ಇಲ್ಲೇ ನಮ್ಮ ಮಾರ್ಕರ್‌ಗಳು ಸೋಲುತ್ತವೆ. ಮಾಸಿನ ಪೆಟ್ಟು ಚಿಕ್ಕದು, ಅನುಪಾತ ಅಷ್ಟೇನೂ ಅಲುಗಾಡುವುದಿಲ್ಲ, ಹೊಕ್ಕುಳಬಳ್ಳಿಯ ಡಾಪ್ಲರ್ ಕೂಡ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. 36 ವಾರದ ರಕ್ತದಲ್ಲಿ ಸ್ಪಿಂಟ್-1 ಅನ್ನುವ ಇನ್ನೊಂದು ಪ್ರೋಟೀನ್ ಸಣ್ಣ ಮಕ್ಕಳ ತಾಯಂದಿರಲ್ಲಿ ಕಡಿಮೆ ಇರುತ್ತದೆ ಅಂತ 2020ರಲ್ಲಿ ಪ್ರಕಟವಾಯಿತು. ಸದ್ಯಕ್ಕೆ ಆ ತಿಂಗಳುಗಳಲ್ಲಿ ನಮ್ಮ ಕೈಯಲ್ಲಿರುವುದು ಹೊಟ್ಟೆ ಅಳೆಯುವ ಟೇಪು, ಸ್ಕ್ಯಾನ್, ಮತ್ತೆ "ಮಗುವಿನ ಓಡಾಟ ಕಡಿಮೆ ಆಗಿದೆ" ಅಂತ ತಾಯಿ ಹೇಳಿದ ತಕ್ಷಣ ಕೇಳಿಸಿಕೊಳ್ಳುವ ಕಿವಿ.