‘ಎಂದು ಆರೋಪಿಸಿದರು’ ಅಂತ ಬರೆದರೆ ಕೆಲಸ ಮುಗಿಯಿತಾ?

ಮಂಗಳೂರಿನಲ್ಲಿ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಇಪ್ಪತ್ತು ವರ್ಷ ದಾಟಿತು. ಅದಕ್ಕೂ ಮೊದಲು ವರದಿಗಾರನಾಗಿ ಬೈಕಿನಲ್ಲಿ ಊರೂರು ಸುತ್ತಿದ್ದೆ. ಆ ದಿನಗಳಲ್ಲಿ ಬರೆದ ಒಂದು ಸುದ್ದಿ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಚುನಾವಣೆ ಬಂದಾಗಲೆಲ್ಲ ಅದು ಎದುರು ಬಂದು ನಿಲ್ಲುತ್ತದೆ.

ಪಾಲಿಕೆ ಚುನಾವಣೆಯ ಸಮಯ. ಒಂದು ಹೋಟೆಲಿನ ಹಾಲಿನಲ್ಲಿ ಪತ್ರಿಕಾಗೋಷ್ಠಿ. ಮುಖಂಡರೊಬ್ಬರು ಒಂದು ಜೆರಾಕ್ಸ್ ಪ್ರತಿ ಎತ್ತಿ ಹಿಡಿದರು. ಎದುರು ಪಕ್ಷದ ಅಭ್ಯರ್ಥಿ ಸರ್ಕಾರಿ ಜಾಗ ಕಬಳಿಸಿ ತಮ್ಮ ಹೆಸರಿಗೆ ಮಾಡಿಕೊಂಡಿದ್ದಾರೆ, ಇದೇ ಅದರ ಆರ್‌ಟಿಸಿ, ಅಂದರೆ ಪಹಣಿ ಅಂದರು. ನಮಗೆಲ್ಲ ಒಂದೊಂದು ಪ್ರತಿ ಹಂಚಿದರು. ಜೊತೆಗೆ ಪ್ರೆಸ್ ನೋಟ್, ಗೋಳಿಬಜೆ, ಚಹಾ. ನಾನು ಆಫೀಸಿಗೆ ಬಂದು ಅರ್ಧ ಗಂಟೆಯಲ್ಲಿ ಸುದ್ದಿ ಮುಗಿಸಿದೆ. ಕೊನೆಗೆ ‘ಎಂದು ಆರೋಪಿಸಿದರು’ ಅಂತ ಸೇರಿಸಿದೆ. ಮರುದಿನ ಮೂರನೇ ಪುಟದಲ್ಲಿ ನಾಲ್ಕು ಕಾಲಂ ಬಂತು.

ಅವತ್ತೇ ಸಂಜೆ ಆ ಅಭ್ಯರ್ಥಿ ಆಫೀಸಿಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ತೊಟ್ಟೆ. ಅದರೊಳಗೆ ಅವರ ಜಾಗದ ಆರ್‌ಟಿಸಿ, ತೀರ್ವೆ ರಶೀದಿ. ಅವರ ಕಾಗದವನ್ನೂ ನನಗೆ ಸಿಕ್ಕಿದ ಪ್ರತಿಯನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆವು. ಗ್ರಾಮ ಒಂದೇ. ಸರ್ವೆ ನಂಬರ್ ಒಂದೇ. ಹಿಸ್ಸಾ ನಂಬರ್ ಬೇರೆ. ಹೆಸರು ಅದೇ, ಆದರೆ ತಂದೆಯ ಹೆಸರು ಬೇರೆ. ಅದು ಇನ್ನೊಬ್ಬರ ಜಾಗದ ಆರ್‌ಟಿಸಿ. ಆ ಪ್ರತಿ ಹಿಂದಿನ ದಿನದಿಂದ ನನ್ನ ಮೇಜಿನ ಮೇಲೆಯೇ ಇತ್ತು. ನಾನು ಓದಿರಲಿಲ್ಲ.

“ಒಂದು ಫೋನ್ ಮಾಡಬಹುದಿತ್ತಲ್ವಾ ಮಾರಾಯ್ರೆ,” ಅಂದರು ಅವರು. ಕೂಗಾಡಲಿಲ್ಲ. ಮರುದಿನ ಏಳನೇ ಪುಟದಲ್ಲಿ ನಾಲ್ಕು ಸಾಲಿನ ಸ್ಪಷ್ಟೀಕರಣ ಹಾಕಿದೆವು. ಅವರು ಸೋತರು. ನಮ್ಮ ಸುದ್ದಿಯಿಂದಲೇ ಸೋತರು ಅಂತ ಹೇಳಲಾರೆ. ಆದರೆ ಹತ್ತು ವರ್ಷ ಕಳೆದ ಮೇಲೆ ಸಿಟಿ ಬಸ್ಸಿನಲ್ಲಿ ಇಬ್ಬರು ಅವರ ಬಗ್ಗೆ ಮಾತಾಡುವುದು ಕಿವಿಗೆ ಬಿತ್ತು. “ಯಾರು, ಆ ಜಾಗ ನುಂಗಿದ ಜನವಾ?” ಅಂದರು ಒಬ್ಬರು. ಸ್ಪಷ್ಟೀಕರಣ ಯಾರಿಗೂ ನೆನಪಿರಲಿಲ್ಲ.

ಈ ಘಟನೆಯಿಂದ ನನಗೆ ಅರ್ಥವಾದದ್ದು ಇಷ್ಟು. ಆರೋಪ ಅಚ್ಚಾದ ದಿನವೇ, ಅದೇ ಸುದ್ದಿಯಲ್ಲೇ, ಅದೇ ತಲೆಬರಹದಲ್ಲೇ ಅದರ ನಿಜಾಂಶ ಬರಬೇಕು. ನಾಳೆ ನೋಡೋಣ ಅಂದರೆ ಆಗುವುದಿಲ್ಲ. ‘ಅವರು ಹೇಳಿದ್ದನ್ನು ನಾವು ಬರೆದೆವು’ ಅನ್ನುವ ಸಮಾಧಾನ ನಮಗೆ ಮಾತ್ರ. ಓದುಗರಿಗೂ ಅದರಿಂದ ಉಪಯೋಗವಿಲ್ಲ, ಏಟು ತಿಂದವರಿಗೂ ಇಲ್ಲ.

ಇದರಲ್ಲಿ ಕನ್ನಡದ ವಾಕ್ಯದ ಪಾಲೂ ಇದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಇಂಥವರು ಸರ್ಕಾರಿ ಜಾಗ ಕಬಳಿಸಿದ್ದಾರೆ, ಬಡವರಿಗೆ ಸೇರಬೇಕಾದ ಸೈಟು ತಮ್ಮವರಿಗೆ ಕೊಡಿಸಿದ್ದಾರೆ, ಕೇಳಲು ಹೋದವರಿಗೆ ಬೆದರಿಕೆ ಹಾಕಿದ್ದಾರೆ’ ಅಂತ ಮೂರು ಸಾಲು ಹೋದ ಮೇಲೆ ‘ಎಂದು ಆರೋಪಿಸಿದರು’ ಬರುತ್ತದೆ. ಅಷ್ಟು ಹೊತ್ತಿಗೆ ಓದುವವರ ಮನಸ್ಸಿನಲ್ಲಿ ಚಿತ್ರ ಕೂತಾಗಿರುತ್ತದೆ. ಈಗ ಮೊಬೈಲಿನಲ್ಲಿ ಇನ್ನೂ ಕಷ್ಟ. ನೋಟಿಫಿಕೇಶನ್‌ನಲ್ಲಿ ತಲೆಬರಹದ ಬಾಲ ಕತ್ತರಿಸಿ ಹೋಗುತ್ತದೆ. ಹಾಗೆ ಕತ್ತರಿಸಿ ಹೋಗುವ ಪದ ಹೆಚ್ಚಾಗಿ ‘ಆರೋಪ’ವೇ. ಬಾಯಿಮಾತಿನಲ್ಲೂ ಹಾಗೆಯೇ. ‘ಅವರು ದುಡ್ಡು ತಿಂದಿದ್ದಾರಂತೆ’ ಅಂತ ಹೊರಟ ಮಾತಿನಲ್ಲಿ ಆ ‘ಅಂತೆ’ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಸುರತ್ಕಲ್ ಮುಟ್ಟುವಷ್ಟರಲ್ಲಿ ಉದುರಿ ಹೋಗಿರುತ್ತದೆ.

ನಾವು ಬಳಸುವ ಇನ್ನೊಂದು ಪದ ‘ಕೆಸರೆರಚಾಟ’. ‘ಆರೋಪ-ಪ್ರತ್ಯಾರೋಪ’, ‘ಮಾತಿನ ಸಮರ’ ಕೂಡ ಅದೇ ಜಾತಿಯವು. ಡೆಸ್ಕಿನಲ್ಲಿ ಇವು ಸುಲಭವಾಗಿ ಕೈಗೆ ಸಿಗುತ್ತವೆ. ಇಬ್ಬರೂ ಎರಚುತ್ತಿದ್ದರೆ ಸರಿ. ಒಬ್ಬರು ಎರಚಿ, ಇನ್ನೊಬ್ಬರು ಬಟ್ಟೆ ಒರೆಸಿಕೊಳ್ಳುತ್ತಾ ನಿಂತಿದ್ದಾಗಲೂ ಅದೇ ತಲೆಬರಹ ಕೊಟ್ಟರೆ ಅದು ನಿಷ್ಪಕ್ಷಪಾತ ಅಲ್ಲ. ಸುಳ್ಳು ಹೇಳಿದವರಿಗೆ ನಾವು ಕೊಟ್ಟ ರಿಯಾಯಿತಿ.

ಬೇರೆ ದೇಶದ ಪತ್ರಕರ್ತರೂ ಈ ಪಾಠ ಕಷ್ಟಪಟ್ಟೇ ಕಲಿತದ್ದು. 1950ರ ಫೆಬ್ರವರಿ 9ರಂದು ಅಮೆರಿಕದ ಸೆನೆಟರ್ ಜೋಸೆಫ್ ಮೆಕಾರ್ಥಿ ವೀಲಿಂಗ್ ಎಂಬ ಊರಿನಲ್ಲಿ ಭಾಷಣ ಮಾಡಿದರು. ವಿದೇಶಾಂಗ ಇಲಾಖೆಯಲ್ಲಿರುವ ಕಮ್ಯುನಿಸ್ಟರ ಪಟ್ಟಿ ತನ್ನ ಕೈಯಲ್ಲಿದೆ ಅಂದರು. ಅಲ್ಲಿನ ಸ್ಥಳೀಯ ಪತ್ರಿಕೆಯಲ್ಲಿ 205 ಜನ ಅಂತ ಬಂತು. ಕೆಲವೇ ದಿನಗಳಲ್ಲಿ ಅವರ ಲೆಕ್ಕ 57 ಆಯಿತು. ಪಟ್ಟಿ ತೋರಿಸಿ ಅಂತ ಹಟ ಹಿಡಿದು ಕೇಳಿದವರು ಕಡಿಮೆ. ಸೆನೆಟರ್ ಹೇಳಿದ್ದೇ ಸುದ್ದಿ ಅಂತ ಬಹಳಷ್ಟು ಪತ್ರಿಕೆಗಳು ಹೇಳಿದ್ದನ್ನು ಹೇಳಿದ ಹಾಗೆ ಹಾಕುತ್ತಾ ಹೋದವು. ಸೆನೆಟ್ ಅವರನ್ನು ಖಂಡಿಸಿದ್ದು 1954ರ ಕೊನೆಗೆ. ಅಷ್ಟರೊಳಗೆ ಎಷ್ಟೋ ಜನ ಕೆಲಸ ಕಳೆದುಕೊಂಡಿದ್ದರು.

2004ರಲ್ಲಿ ಜಾನ್ ಕೆರ್ರಿ ಅಧ್ಯಕ್ಷ ಚುನಾವಣೆಗೆ ನಿಂತಾಗ ಇನ್ನೊಂದು ಬಗೆ ನೋಡಿದೆವು. ವಿಯೆಟ್ನಾಂ ಯುದ್ಧದಲ್ಲಿ ಅವರಿಗೆ ಸಿಕ್ಕ ಪದಕಗಳ ಬಗ್ಗೆಯೇ ಅವರು ಸುಳ್ಳು ಹೇಳಿದ್ದಾರೆ ಅಂತ ಒಂದು ಗುಂಪು ಟಿವಿ ಜಾಹೀರಾತು ಮಾಡಿತು. ಮೊದಲು ಅದು ಬಂದದ್ದು ಮೂರೇ ರಾಜ್ಯಗಳಲ್ಲಿ. ಆಮೇಲೆ ಸುದ್ದಿ ಚಾನೆಲ್‌ಗಳು ಚರ್ಚೆಯ ಹೆಸರಿನಲ್ಲಿ ಇಡೀ ದೇಶಕ್ಕೆ ಪುಕ್ಕಟೆಯಾಗಿ ತೋರಿಸಿದವು. ನೌಕಾಪಡೆಯ ದಾಖಲೆಗಳು ಕೆರ್ರಿ ಹೇಳಿದ್ದಕ್ಕೇ ಹೊಂದುತ್ತಿದ್ದವು. ಆದರೂ ಅನೇಕ ಚರ್ಚೆಗಳಲ್ಲಿ ಆ ಕಡೆಯವರು ಹೀಗೆನ್ನುತ್ತಾರೆ, ಈ ಕಡೆಯವರು ಹಾಗೆನ್ನುತ್ತಾರೆ ಅನ್ನುವಲ್ಲಿಗೇ ಮಾತು ನಿಂತಿತು.

ನಮ್ಮಲ್ಲಿ ಕಾನೂನು ಇಲ್ಲವಾ ಅಂತ ಕೇಳಬಹುದು. ಇದೆ. ಅಭ್ಯರ್ಥಿಯ ವೈಯಕ್ತಿಕ ನಡತೆಯ ಬಗ್ಗೆ ಗೊತ್ತಿದ್ದೂ ಸುಳ್ಳು ಪ್ರಚಾರ ಮಾಡುವುದು 1951ರ ಜನಪ್ರತಿನಿಧಿ ಕಾಯ್ದೆಯ 123(4)ನೇ ಸೆಕ್ಷನ್ ಪ್ರಕಾರ ಚುನಾವಣಾ ಭ್ರಷ್ಟಾಚಾರ. ಭಾರತೀಯ ನ್ಯಾಯ ಸಂಹಿತೆಯ 175ನೇ ಸೆಕ್ಷನ್ ಅಡಿಯಲ್ಲೂ ಅದು ಅಪರಾಧ. ಖಚಿತಪಡಿಸಿಕೊಳ್ಳದ ಆರೋಪದ ಮೇಲೆ ಟೀಕೆ ಮಾಡಬಾರದು ಅಂತ ಮಾದರಿ ನೀತಿ ಸಂಹಿತೆಯೂ ಹೇಳುತ್ತದೆ. ಆದರೆ 123(4)ರ ಲಾಭ ಬೇಕಾದರೆ ಫಲಿತಾಂಶ ಬಂದ ಮೇಲೆ 45 ದಿನದೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಬೇಕು. ತೀರ್ಪು ಬರುವುದು ಆಮೇಲೆ ಯಾವಾಗಲೋ. ಮತ ಹಾಕುವ ಮೊದಲು ಜನರಿಗೆ ನಿಜ ತಿಳಿಸಲು ಆ ಹೊತ್ತಿಗೆ ನಾವಲ್ಲದೆ ಬೇರೆ ಯಾರಿದ್ದಾರೆ?

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಕಟುವಾದ ಟೀಕೆ ಬೇರೆ, ಅಪ್ರಾಮಾಣಿಕ ದಾಳಿ ಬೇರೆ. ‘ಐದು ವರ್ಷ ಶಾಸಕರಾಗಿದ್ದವರು ಒಂದು ಕಿಂಡಿ ಅಣೆಕಟ್ಟನ್ನೂ ಮಾಡಿಸಲಿಲ್ಲ’ ಅಂದರೆ ಅದು ಗಟ್ಟಿ ಪ್ರಶ್ನೆ. ಅದನ್ನು ಕೇಳಲೇಬೇಕು, ನಾವು ದೊಡ್ಡದಾಗಿ ಹಾಕಲೇಬೇಕು. ಅದೂ ನಿಜವಾ ಅಂತ ಸಣ್ಣ ನೀರಾವರಿ ಇಲಾಖೆಯಲ್ಲಿ ಕೇಳಿ ನೋಡಬಹುದು. ಟೀಕೆಯನ್ನು ಮೆತ್ತಗೆ ಮಾಡುವುದು ನಮ್ಮ ಕೆಲಸ ಅಲ್ಲ. ಇಲ್ಲದ ದಾಖಲೆ, ತಿರುಚಿದ ವಿಡಿಯೊ, ಅರ್ಧ ಕತ್ತರಿಸಿದ ಮಾತು ಇವುಗಳ ಎದುರು ಸುಮ್ನೆ ಇರಬಾರದು, ಅಷ್ಟೇ.

ನಮ್ಮ ಕರಾವಳಿಯಲ್ಲಿ ಅರ್ಧ ಕತ್ತರಿಸಿದ ಮಾತಿಗೆ ಅಪಾಯ ಜಾಸ್ತಿ. ಇಲ್ಲಿ ಒಂದೇ ಸಭೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲ ಕೇಳಿಸುತ್ತವೆ. ತುಳುವಿನಲ್ಲಿ ಗಾದೆಮಾತು ಸೇರಿಸಿ ಆಡಿದ ಭಾಷಣದ ನಲವತ್ತು ಸೆಕೆಂಡಿನ ತುಣುಕಿಗೆ ಯಾರೋ ಕನ್ನಡದಲ್ಲಿ ಬೇಕಾದ ಹಾಗೆ ಅಕ್ಷರ ಅಂಟಿಸುತ್ತಾರೆ. ಬೆಂಗಳೂರಿನ ಚಾನೆಲ್‌ಗೆ ತುಳು ಗೊತ್ತಿಲ್ಲ. ಅದು ಅಕ್ಷರವನ್ನೇ ಓದುತ್ತದೆ. ತುಳು ಗೊತ್ತಿರುವುದು ನಮಗೆ. ಪೂರ್ತಿ ಭಾಷಣ ಕೇಳಿ, ಮೊದಲು ಏನಂದರು, ಆಮೇಲೆ ಏನಂದರು ಅಂತ ಬರೆಯುವ ಜವಾಬ್ದಾರಿ ಮಂಗಳೂರು, ಉಡುಪಿಯ ಪತ್ರಕರ್ತರ ಮೇಲೆಯೇ ಬೀಳುತ್ತದೆ. ಧರ್ಮದ ಹೆಸರು ಎತ್ತಿದ ಸುಳ್ಳಾದರೆ ಅದು ಚುನಾವಣೆ ಮುಗಿದರೂ ಮುಗಿಯುವುದಿಲ್ಲ. ಬೀದಿಯಲ್ಲಿ ಅಕ್ಕಪಕ್ಕ ಬದುಕುವವರ ನಡುವೆ ಉಳಿದುಬಿಡುತ್ತದೆ. ಅದನ್ನು ಕಣ್ಣಾರೆ ಕಂಡಿದ್ದೇನೆ.

ಪರಿಶೀಲನೆ ಅಂದರೆ ದೊಡ್ಡ ತನಿಖೆ ಅಂತ ಹೊಸಬರು ಹೆದರುತ್ತಾರೆ. ಹಾಗೇನಿಲ್ಲ. ‘ಅವರ ಮೇಲೆ ಇಷ್ಟು ಕೇಸಿದೆ’ ಅಂದರೆ ನಾಮಪತ್ರದ ಜೊತೆ ಸಲ್ಲಿಸಿದ 26ನೇ ನಮೂನೆಯ ಅಫಿಡವಿಟ್ ತೆರೆದು ನೋಡಿ. ಆಸ್ತಿ, ಸಾಲ, ಬಾಕಿ ಇರುವ ಕೇಸು ಎಲ್ಲ ಅಲ್ಲಿರುತ್ತದೆ. ಹತ್ತು ನಿಮಿಷದ ಕೆಲಸ. ರಾತ್ರಿ ಬಾಗಿಲ ಸಂದಿಯಲ್ಲಿ ತುರುಕಿ ಹೋದ ಕರಪತ್ರವಾದರೆ ಮೊದಲು ಅದರ ಅಡಿ ನೋಡಿ. ಅಚ್ಚು ಹಾಕಿದವರ, ಪ್ರಕಟಿಸಿದವರ ಹೆಸರು, ವಿಳಾಸ ಅಲ್ಲಿರಲೇಬೇಕು. ಜನಪ್ರತಿನಿಧಿ ಕಾಯ್ದೆಯ 127-ಎ ಸೆಕ್ಷನ್ ಹಾಗೆ ಹೇಳುತ್ತದೆ. ಹೆಸರಿಲ್ಲದ ಕರಪತ್ರದಲ್ಲಿ ನಮಗಿರುವ ಸುದ್ದಿ ಹೆಸರಿಲ್ಲದಿರುವುದೇ. ಅದರೊಳಗಿನ ಆರೋಪವನ್ನು ಸಾಲು ಸಾಲಾಗಿ ಮತ್ತೆ ಅಚ್ಚು ಹಾಕಬೇಕಾಗಿಲ್ಲ. ಎಐಯಿಂದ ಮಾಡಿದ ನಕಲಿ ವಿಡಿಯೊ ಗಮನಕ್ಕೆ ಬಂದರೆ ಪಕ್ಷಗಳು 3 ಗಂಟೆಯೊಳಗೆ ತೆಗೆಯಬೇಕು ಅಂತ ಚುನಾವಣಾ ಆಯೋಗ 2024ರ ಮೇ ತಿಂಗಳಲ್ಲಿ ಸೂಚಿಸಿತ್ತು. ಆದರೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ 3 ಗಂಟೆ ಅಂದರೆ ಬಹಳ ಹೊತ್ತು.

ಬರೆಯುವ ರೀತಿ ಬದಲಿಸಿದರೂ ಎಷ್ಟೋ ಸರಿಯಾಗುತ್ತದೆ. ನನ್ನ ಆ ಹಳೆಯ ಸುದ್ದಿಯ ತಲೆಬರಹ ಹೀಗಿತ್ತು: ‘ಅಭ್ಯರ್ಥಿಯಿಂದ ಸರ್ಕಾರಿ ಜಾಗ ಕಬಳಿಕೆ: ಆರೋಪ’. ಇವತ್ತಾದರೆ ಹೀಗೆ ಬರೆಯುತ್ತೇನೆ: ‘ತೋರಿಸಿದ ಆರ್‌ಟಿಸಿ ಬೇರೆಯವರದ್ದು, ಅಭ್ಯರ್ಥಿ ಮೇಲಿನ ಆರೋಪಕ್ಕೆ ಆಧಾರವಿಲ್ಲ’. ಸುದ್ದಿಯ ಮೊದಲ ಸಾಲಿನಲ್ಲಿ ದಾಖಲೆ ಏನು ಹೇಳುತ್ತದೆ ಅನ್ನುವುದು. ಯಾರು ಏನು ಆರೋಪಿಸಿದರು ಅನ್ನುವುದು ಎರಡನೆಯದು. ದಾಖಲೆ ತೋರಿಸಿ ಕೇಳಿದಾಗ ಅವರು ಏನುತ್ತರ ಕೊಟ್ಟರು, ಅಥವಾ ಕೊಡಲಿಲ್ಲ, ಅದು ಮೂರನೆಯದು. ಪ್ರಶ್ನಾರ್ಥಕ ತಲೆಬರಹ ಬೇಡ. ‘ಜಾಗ ನುಂಗಿದರೇ?’ ಅಂತ ನಾವೇ ಕೇಳಿದರೆ ಓದುವವರು ಹೌದು ಅಂತಲೇ ಓದುತ್ತಾರೆ.

ಹೀಗೆ ಮಾಡಿದರೆ ಬೈಗಳು ಸಿಗುತ್ತವೆ. ಒಂದು ಚುನಾವಣೆಯಲ್ಲಿ ಒಂದು ಪಕ್ಷದ ಕೈಗೊಂಬೆ ಅಂತಾರೆ, ಮುಂದಿನದರಲ್ಲಿ ಇನ್ನೊಂದರದ್ದು ಅಂತಾರೆ. ಜಾಹೀರಾತು ನಿಲ್ಲಿಸುತ್ತೇವೆ ಅಂತ ಫೋನ್ ಬರುತ್ತದೆ. ಆಗ ಸಂಪಾದಕರು ವರದಿಗಾರರ ಬೆನ್ನಿಗೆ ನಿಲ್ಲಬೇಕು. ನಿಲ್ಲದಿದ್ದರೆ ಮುಂದಿನ ಸಲ ಆ ಹುಡುಗ, ಆ ಹುಡುಗಿ ಪ್ರೆಸ್ ನೋಟನ್ನೇ ಟೈಪ್ ಮಾಡಿ ಕಳಿಸುತ್ತಾರೆ. ಅವರನ್ನು ದೂರಿ ಫಲವಿಲ್ಲ.

ಸಮಯವೇ ಇಲ್ಲ ಅನ್ನುವುದು ಇನ್ನೊಂದು ಕಾರಣ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ನಮ್ಮ ಊರಿನಲ್ಲೇ, 1843ರ ಜುಲೈ 1ರಂದು ಶುರುವಾಯಿತು. ಕಲ್ಲಚ್ಚಿನಲ್ಲಿ ಮುದ್ರಿಸಿ ಹದಿನೈದು ದಿನಕ್ಕೊಮ್ಮೆ ಕೊಡುತ್ತಿದ್ದರು. ಅಷ್ಟು ವ್ಯವಧಾನ ನಮಗಿಲ್ಲ, ಒಪ್ಪುತ್ತೇನೆ. ಆದರೆ ಒಂದು ಫೋನ್ ಮಾಡುವಷ್ಟು ಸಮಯ ಇದ್ದೇ ಇದೆ. ಅದೂ ಆಗದಿದ್ದರೆ ಸುದ್ದಿ ಒಂದು ದಿನ ನಿಲ್ಲಲಿ. ಮತದಾನದ ಹಿಂದಿನ ರಾತ್ರಿ ಬಂದ ಆರೋಪವಂತೂ ಪೂರ್ತಿ ನೋಡುವವರೆಗೆ ನಿಲ್ಲಲೇಬೇಕು. ಮರುದಿನ ಉತ್ತರ ಕೊಡಲು ಎದುರಿನವರಿಗೆ ಅವಕಾಶವೇ ಇರುವುದಿಲ್ಲ. ಬೇರೆ ಪತ್ರಿಕೆ ಹಾಕಿದರೆ ಹಾಕಲಿ.

2024ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ದಕ್ಷಿಣ ಕನ್ನಡ, ಉಡುಪಿ-ಚಿಕ್ಕಮಗಳೂರು ಎರಡೂ ಕ್ಷೇತ್ರಗಳಿಗೆ ಏಪ್ರಿಲ್ 26ರಂದು ಮತದಾನ. ಅದಕ್ಕೆ ನಾಲ್ಕೈದು ದಿನ ಇರುವಾಗ ಉಡುಪಿಯಿಂದ ನಮ್ಮ ವರದಿಗಾರ್ತಿ ರಾತ್ರಿ ಹತ್ತಕ್ಕೆ ಫೋನ್ ಮಾಡಿದಳು.

“ಸರ್, ಆರೋಪ ಯಾರ ಮೇಲೆ ಬಂದಿದೆಯೋ ಅವರು ಫೋನ್ ಎತ್ತುತ್ತಿಲ್ಲ. ಉತ್ತರಕ್ಕೆ ಸಿಗಲಿಲ್ಲ ಅಂತ ಹಾಕಿಬಿಡಲಾ?”

“ಅವರ ಮನೆ ಎಲ್ಲಿ?”

“ಮಲ್ಪೆ ಹತ್ತಿರ ಸರ್.”

“ಫೋಟೊಗ್ರಾಫರನ್ನೂ ಕರ್ಕೊಂಡು ಹೋಗಮ್ಮ. ಬಾಗಿಲು ತಟ್ಟಿ ಕೇಳು. ಹನ್ನೊಂದೂವರೆವರೆಗೆ ಪುಟ ಹಿಡಿದಿಟ್ಟುಕೊಳ್ತೇನೆ.”

ಹನ್ನೊಂದು ಇಪ್ಪತ್ತಕ್ಕೆ ಅವರ ಉತ್ತರ ಬಂತು. ಜೊತೆಗೆ ಒಂದು ರಶೀದಿಯ ಫೋಟೊ. ತಲೆಬರಹ ಬದಲಿಸಿ ಪುಟವನ್ನು ಅಚ್ಚಿಗೆ ಬಿಟ್ಟೆವು.