"ಆ ಟೀಮೇ ಬೇರೆ ಬಿಡು" ಅನ್ನುವವರಿಗೆ ನಿಜಕ್ಕೂ ನೆನಪಿರುವುದು ಯಾವ ಟೀಮ್?

ಪ್ರಶ್ನೆ: ನಮ್ಮಣ್ಣ ಲಂಡನ್ನಿನ ಫುಟ್‌ಬಾಲ್ ಕ್ಲಬ್ ಆರ್ಸೆನಲ್‌ನ ಅಭಿಮಾನಿ. ಈಗಿನವರು ಎಷ್ಟೇ ಚೆನ್ನಾಗಿ ಆಡಿದರೂ "2004ರ ಟೀಮ್ ಮುಂದೆ ಇವರೆಲ್ಲ ಯಾವ ಲೆಕ್ಕ, ಬಿಡೋ" ಅಂತಾನೆ. ಆ ಟೀಮ್ ನಿಜಕ್ಕೂ ಅಷ್ಟು ಚೆನ್ನಾಗಿತ್ತಾ? ಅಥವಾ ಇದೂ ಒಂದು "ನಮ್ಮ ಕಾಲದಲ್ಲಿ" ಕಥೆನಾ?

ಮೊದಲೇ ಹೇಳಿಬಿಡುತ್ತೇನೆ, ನಾನೂ ನಿಮ್ಮಣ್ಣನ ಪಾರ್ಟಿಯವನೇ. ಹಾಗಾಗಿ ನನ್ನ ಮಾತಿಗೆ ಸ್ವಲ್ಪ ಉಪ್ಪು ಖಾರ ಕಳೆದು ಓದಿಕೊಳ್ಳಿ.

ಟೀಮ್ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಮ್ಮಣ್ಣನ ತಲೆಯಲ್ಲಿ ಆಡುತ್ತಿರುವ ಟೀಮ್ ಇದೆಯಲ್ಲ, ಅದು ಯಾವ ಸೀಸನ್ನಿನಲ್ಲೂ ಮೈದಾನಕ್ಕೆ ಇಳಿದಿಲ್ಲ.

ಮೊದಲು ಲೆಕ್ಕ ನೋಡೋಣ. 2003-04ರ ಪ್ರೀಮಿಯರ್ ಲೀಗ್‌ನಲ್ಲಿ ಆರ್ಸೆನಲ್ ಆಡಿದ್ದು 38 ಪಂದ್ಯ. ಗೆಲುವು 26, ಡ್ರಾ 12, ಸೋಲು ಸೊನ್ನೆ. 90 ಪಾಯಿಂಟ್. ಇಂಗ್ಲೆಂಡಿನ ಟಾಪ್ ಲೀಗ್‌ನಲ್ಲಿ ಅದಕ್ಕೂ ಮೊದಲು ಹೀಗೆ ಸೋಲದೆ ಸೀಸನ್ ಮುಗಿಸಿದ್ದವರು ಪ್ರೆಸ್ಟನ್ ನಾರ್ತ್ ಎಂಡ್ ಮಾತ್ರ. ಅದು 1888-89ರಲ್ಲಿ, ಲೀಗ್ ಶುರುವಾದ ಮೊದಲ ವರ್ಷ, ಆಗ ಇದ್ದದ್ದೇ 22 ಪಂದ್ಯ. ಅಂದರೆ 115 ವರ್ಷ ಯಾರ ಕೈಲೂ ಆಗದ್ದನ್ನು ಇವರು ಮಾಡಿದರು. ಹಿಂದಿನ ಸೀಸನ್ನಿನ ಕೊನೆಯ ಎರಡು ಪಂದ್ಯ, ಮುಂದಿನ ಸೀಸನ್ನಿನ ಮೊದಲ ಒಂಬತ್ತು ಪಂದ್ಯ ಸೇರಿಸಿದರೆ ಒಟ್ಟು 49 ಲೀಗ್ ಪಂದ್ಯ ಸೋಲಿಲ್ಲ. ಹಾಗಾಗಿಯೇ "ಇನ್ವಿನ್ಸಿಬಲ್ಸ್" ಅನ್ನುವ ಹೆಸರು, ಅಂದರೆ ಸೋಲಿಸಲಾಗದವರು.

ಈಗ 2023-24ಕ್ಕೆ ಬನ್ನಿ. ಕೋಚ್ ಮಿಕೆಲ್ ಆರ್ಟೆಟಾ ಅವರ ಆರ್ಸೆನಲ್ ಟೀಮ್ 28 ಪಂದ್ಯ ಗೆದ್ದಿತು. ಎರಡು ಜಾಸ್ತಿ. 91 ಗೋಲ್ ಹೊಡೆಯಿತು, ಇನ್ವಿನ್ಸಿಬಲ್ಸ್ ಹೊಡೆದದ್ದು 73. ಪಾಯಿಂಟ್ 89, ಒಂದೇ ಒಂದು ಕಮ್ಮಿ. ಆ 89 ಪಾಯಿಂಟನ್ನು ಜೇಬಿಗೆ ಹಾಕಿಕೊಂಡು 2004ಕ್ಕೆ ಹೋಗಿದ್ದರೆ, ಆ ವರ್ಷ ಎರಡನೇ ಸ್ಥಾನದಲ್ಲಿದ್ದ ಚೆಲ್ಸಿಗಿಂತ 10 ಪಾಯಿಂಟ್ ಮುಂದೆ ಇರುತ್ತಿದ್ದರು. ಆದರೆ 2024ರಲ್ಲಿ ಮ್ಯಾಂಚೆಸ್ಟರ್ ಸಿಟಿ 91 ಪಾಯಿಂಟ್ ತಗೊಂಡು ಕಪ್ ಎತ್ತಿಕೊಂಡು ಹೋಯಿತು. ಒಂದು ಟೀಮಿಗೆ ಇತಿಹಾಸ, ಇನ್ನೊಂದಕ್ಕೆ "ಪಾಪ, ಚೆನ್ನಾಗಿ ಆಡಿದ್ರು". ಇದನ್ನು ನಿಮ್ಮಣ್ಣನಿಗೆ ಹೇಳಿ ನೋಡಿ, ಒಪ್ಪಲ್ಲ. ನಾನೂ ಒಪ್ಪಿರಲಿಲ್ಲ.

ನಾನು ಒಪ್ಪಿದ್ದು ಒಂದು ಮಸಾಲೆ ದೋಸೆ ಸೋತ ಮೇಲೆ. ಗೆಳೆಯನೊಬ್ಬ ಕೇಳಿದ, "ಇನ್ವಿನ್ಸಿಬಲ್ಸ್‌ದು ಮೂರು ಬೆಸ್ಟ್ ಗೋಲ್ ಹೇಳು." ಇದೇನು ಮಹಾ ಅಂತ ಪಟಪಟ ಹೇಳಿದೆ. ಒಂದು, ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಗೋಲಿಗೆ ಬೆನ್ನು ಹಾಕಿ ನಿಂತಿದ್ದ ಥಿಯೆರಿ ಆನ್ರಿ (ಹಾಸ್ಟೆಲಿನಲ್ಲಿ ನಮಗೆಲ್ಲ ಅವನು ಹೆನ್ರಿಯೇ) ಚೆಂಡನ್ನು ಚಿಮ್ಮಿಸಿ ಗಿರಕಿ ಹೊಡೆದು ಗೋಲ್‌ಕೀಪರ್ ಬಾರ್ತೆಜ್ ತಲೆ ಮೇಲಿಂದ ಹಾಕಿದ್ದು. ಎರಡು, ನ್ಯೂಕಾಸಲ್‌ನಲ್ಲಿ ಡೆನಿಸ್ ಬರ್ಗ್‌ಕ್ಯಾಂಪ್ ಚೆಂಡನ್ನು ಡಿಫೆಂಡರನ ಒಂದು ಪಕ್ಕದಿಂದ ಬಿಟ್ಟು ತಾನು ಇನ್ನೊಂದು ಪಕ್ಕದಿಂದ ಸುತ್ತಿ ಬಂದದ್ದು. ಮೂರು, ಟಾಟನ್‌ಹ್ಯಾಮ್ ವಿರುದ್ಧ ಆನ್ರಿ ತಮ್ಮ ಅರ್ಧದಿಂದಲೇ ಓಡಿ ಬಂದು ಗೋಲ್ ಹೊಡೆದು, ಆಮೇಲೆ ಮಂಡಿಯ ಮೇಲೆ ಜಾರಿದ್ದು. ಈಗ ಆರ್ಸೆನಲ್‌ನ ಹೊಸ ಮೈದಾನ ಎಮಿರೇಟ್ಸ್ ಸ್ಟೇಡಿಯಂ ಹೊರಗೆ ಪ್ರತಿಮೆಯಾಗಿ ನಿಂತಿರುವುದು ಅದೇ ಭಂಗಿ.

ಮೊದಲನೆಯದು ಅಕ್ಟೋಬರ್ 2000. ಎರಡನೆಯದು ಮಾರ್ಚ್ 2002. ಮೂರನೆಯದು ನವೆಂಬರ್ 2002. ಒಂದೂ ಆ ಸೀಸನ್ನಿನದಲ್ಲ!

ಪುಣ್ಯಕ್ಕೆ ದೋಸೆಗಷ್ಟೇ ಬಾಜಿ ಕಟ್ಟಿದ್ದೆ. ಆಮೇಲೆ ಬೇರೆ ಅಭಿಮಾನಿಗಳ ಮೇಲೂ ಈ ಪ್ರಯೋಗ ಮಾಡಿದ್ದೇನೆ, ಬಹಳಷ್ಟು ಜನ ಇದೇ ಹಳ್ಳಕ್ಕೆ ಬೀಳುತ್ತಾರೆ. ಏನಾಗುತ್ತದೆ ಅಂದರೆ, ಆಗಿನ ಕೋಚ್ ಆರ್ಸೆನ್ ವೆಂಗರ್ ಅವರ ಸುಮಾರು ಎಂಟು ವರ್ಷದ ಒಳ್ಳೊಳ್ಳೆಯ ಆಟವನ್ನೆಲ್ಲ ಗುಡಿಸಿ ತಂದು 2003-04 ಅನ್ನುವ ಒಂದೇ ಡಬ್ಬಕ್ಕೆ ತುಂಬಿ ಮುಚ್ಚಳ ಹಾಕಿಬಿಡುತ್ತೇವೆ. ಡಬ್ಬದ ಮೇಲೆ ಲೇಬಲ್ ಬೇಕಲ್ಲ, ಆ ಸೊನ್ನೆ ಇದೆ. ಆ ಡಬ್ಬದ ಜೊತೆ ಈಗಿನ ಟೀಮ್ ಪೈಪೋಟಿ ಮಾಡಬೇಕು ಅಂದರೆ ಎಲ್ಲಿ ಸಾಧ್ಯ?

ಒಳ್ಳೆಯದನ್ನು ತುಂಬಿದ ಹಾಗೆ ಕೆಟ್ಟದ್ದನ್ನು ಹೊರಗೆ ಬಿಟ್ಟೂ ಇರುತ್ತೇವೆ. ಆ "ಸೋಲದ" ವರ್ಷ ಆರ್ಸೆನಲ್ ಒಟ್ಟು ಆರು ಪಂದ್ಯ ಸೋತಿದೆ. ಎಲ್ಲವೂ ಲೀಗಿನ ಹೊರಗೆ, ಬೇರೆ ಟೂರ್ನಿಗಳಲ್ಲಿ. ಚಾಂಪಿಯನ್ಸ್ ಲೀಗ್‌ನಲ್ಲಿ ಇಂಟರ್ ಮಿಲಾನ್ ಆರ್ಸೆನಲ್‌ನ ಆಗಿನ ಮೈದಾನ ಹೈಬರಿಗೇ ಬಂದು 3-0 ಕೊಟ್ಟು ಹೋಯಿತು (ಆಮೇಲೆ ಮಿಲಾನ್‌ಗೆ ಹೋಗಿ ಇವರು 5-1ರಲ್ಲಿ ತೀರಿಸಿಕೊಂಡರು, ಅದು ಬೇರೆ ಮಾತು). ಡೈನಮೋ ಕೀವ್ ಹತ್ತಿರ ಒಂದು. ಲೀಗ್ ಕಪ್ ಸೆಮಿಯಲ್ಲಿ ಮಿಡಲ್ಸ್‌ಬರೋ ಎರಡು ಸಲ ಸೋಲಿಸಿತು. ಏಪ್ರಿಲ್ 2004ರ ಒಂದೇ ವಾರದಲ್ಲಿ ಎಫ್‌ಎ ಕಪ್ ಸೆಮಿಯಲ್ಲಿ ಯುನೈಟೆಡ್ ಕೈಲಿ, ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್‌ನಲ್ಲಿ ಚೆಲ್ಸಿ ಕೈಲಿ ಸೋಲು. ಯುರೋಪಿನಲ್ಲಿ ಅತಿ ಚೆನ್ನಾಗಿದ್ದ ಟೀಮು ಚಾಂಪಿಯನ್ಸ್ ಲೀಗ್ ಗೆಲ್ಲಲೇ ಇಲ್ಲ ಅನ್ನುವುದು ನನಗೆ ಇವತ್ತಿಗೂ ಹೊಟ್ಟೆ ಉರಿಸುವ ಸಂಗತಿ.

ಇನ್ನು ಅದೃಷ್ಟ. ಸೀಸನ್ನಿನ ಆರನೇ ಪಂದ್ಯ, 21 ಸೆಪ್ಟೆಂಬರ್ 2003, ಯುನೈಟೆಡ್ ಮೈದಾನ ಓಲ್ಡ್ ಟ್ರಾಫರ್ಡ್. 0-0. ಪ್ಯಾಟ್ರಿಕ್ ವಿಯೆರಾಗೆ ರೆಡ್ ಕಾರ್ಡ್ ಆಗಿ ಆರ್ಸೆನಲ್ ಹತ್ತೇ ಜನ. ಇಂಜುರಿ ಟೈಮ್‌ನಲ್ಲಿ ಯುನೈಟೆಡ್‌ಗೆ ಪೆನಾಲ್ಟಿ. ರೂಡ್ ವಾನ್ ನಿಸ್ಟಲ್‌ರಾಯ್ ಹೊಡೆದ ಚೆಂಡು ಕ್ರಾಸ್‌ಬಾರ್‌ಗೆ ಬಡಿದು ವಾಪಸ್ ಬಂತು. ಪಂದ್ಯ ಮುಗಿದದ್ದೇ ತಡ, ಆರ್ಸೆನಲ್‌ನ ಮಾರ್ಟಿನ್ ಕಿಯೋನ್ ಅವನ ಮೇಲೆ ಎಗರಿ ಎರಡೂ ಕೈ ಬೀಸಿಕೊಂಡು ಮುಖದ ಮುಂದೆ ಕುಣಿದ. ಆ ಫೋಟೋ ನೋಡಿಯೇ ಇರುತ್ತೀರಿ. ಆ ಚೆಂಡು ಒಂದು ಗೇಣು ಕೆಳಗೆ ಬಂದಿದ್ದರೆ? ಅದೇ ಹನ್ನೊಂದು ಜನ, ಅದೇ ವೆಂಗರ್, ಪ್ರಾಯಶಃ ಅದೇ ಕಪ್. ಆದರೆ ಇವತ್ತು ನೀವು ನನಗೆ ಈ ಪ್ರಶ್ನೆ ಬರೆಯುತ್ತಿರಲಿಲ್ಲ.

ಹಾಗಾದರೆ ಎಲ್ಲ ಬರೀ ಭ್ರಮೆನಾ? ಅಲ್ಲ. ಅದೇ ಏಪ್ರಿಲ್ ವಾರಕ್ಕೆ ವಾಪಸ್ ಬರುತ್ತೇನೆ. ಎರಡು ಕಪ್ ಕೈತಪ್ಪಿ ಮೂರು ದಿನವಾಗಿತ್ತು. 9 ಏಪ್ರಿಲ್, ಗುಡ್ ಫ್ರೈಡೆ, ಹೈಬರಿಯಲ್ಲಿ ಲಿವರ್‌ಪೂಲ್. ಹಾಫ್ ಟೈಮಿಗೆ ಆರ್ಸೆನಲ್ 1-2 ಹಿಂದೆ. ಸೀಸನ್ ಪೂರ್ತಿ ಕುಸಿದು ಬೀಳುವ ಲಕ್ಷಣ. ರೊಬೇರ್ ಪಿರೆಸ್ 2-2 ಮಾಡಿದ. ಒಂದೇ ನಿಮಿಷ ಕಳೆದಿರಬೇಕು, ಆನ್ರಿ ಮಧ್ಯಗೆರೆ ಹತ್ತಿರ ಚೆಂಡು ತಗೊಂಡು ಸುಮ್ನೆ ನಡೆಯುವವನ ಹಾಗೆ ಹೊರಟ. ಲಿವರ್‌ಪೂಲ್‌ನ ಹಾಮನ್ ಪಕ್ಕದಿಂದ ದಾಟಿದ. ಕ್ಯಾರಗರ್ ಎದುರು ಬಂದಾಗ ಸೊಂಟ ಹೀಗೆ ಹೊರಳಿಸಿದ, ಅಷ್ಟೇ. ಕ್ಯಾರಗರ್ ತಡಬಡಾಯಿಸಿ ತನ್ನದೇ ಟೀಮಿನ ಬಿಸ್ಕಾನ್‌ಗೆ ಡಿಕ್ಕಿ ಹೊಡೆದ. ಚೆಂಡು ಗೋಲಿನಲ್ಲಿತ್ತು. ಕೊನೆಗೆ 4-2, ಆನ್ರಿಗೆ ಹ್ಯಾಟ್ರಿಕ್. ಆ ಗೋಲ್ ನೋಡುವಾಗ ಇವತ್ತಿಗೂ ನನ್ನ ಕಾಲು ಮಂಚದ ಕೆಳಗೆ ತಾನೇ ಅಲ್ಲಾಡುತ್ತದೆ. ಇದನ್ನು ನೆನಪು ಹಿಗ್ಗಿಸಿ ಹೇಳುತ್ತಿಲ್ಲ, ವಿಡಿಯೋ ಇದೆ.

ಆದರೆ ಒಂದು ಟೀಮಿನ ನೆನಪು ಇಷ್ಟು ದೊಡ್ಡದಾಗಿ ಊದಿಕೊಳ್ಳುವುದಕ್ಕೆ ಆ ಟೀಮಷ್ಟೇ ಕಾರಣ ಅಲ್ಲ ಅನ್ನುವುದು ನನ್ನ ವಾದ. ಆಮೇಲೆ ಬಂದದ್ದೂ ಕಾರಣ, ಅದೇ ಜಾಸ್ತಿ ಕಾರಣ. 2005ರಲ್ಲಿ ಎಫ್‌ಎ ಕಪ್ ಗೆದ್ದರು, ಆಮೇಲೆ 2014ರವರೆಗೆ ಒಂದೂ ಟ್ರೋಫಿ ಇಲ್ಲ. ಹೊಸ ಸ್ಟೇಡಿಯಂ ಸಾಲ ತಲೆ ಮೇಲೆ. ವಿಯೆರಾ 2005ರಲ್ಲಿ ಹೋದ, ಆನ್ರಿ 2007ರಲ್ಲಿ, ಫಾಬ್ರೆಗಾಸ್ 2011ರಲ್ಲಿ, ರಾಬಿನ್ ವಾನ್ ಪರ್ಸಿ 2012ರಲ್ಲಿ ಹೋದದ್ದು ಬೇರೆ ಎಲ್ಲಿಗೂ ಅಲ್ಲ, ಯುನೈಟೆಡ್‌ಗೇ. 2011ರ ಆಗಸ್ಟ್‌ನಲ್ಲಿ ಅದೇ ಓಲ್ಡ್ ಟ್ರಾಫರ್ಡ್‌ನಲ್ಲಿ 8-2 ಸೋಲು. ಎಂಟು! ಆ ರಾತ್ರಿ ಒಬ್ಬ ಅಭಿಮಾನಿ ಏನು ಮಾಡಬೇಕು ಹೇಳಿ? ಹಳೇ ವಿಡಿಯೋ ಹಾಕಿಕೊಂಡು ಕೂರುತ್ತಾನೆ. ಮನೆಯಲ್ಲಿ ಕಷ್ಟ ಬಂದಾಗಲೇ ಅಜ್ಜನ ಕಾಲದ ತೋಟದ ಮಾತು ಬರುವುದು. ಸೋಲು ಒಂದೊಂದು ಬಂದಾಗಲೂ ಆ 2004 ಒಂದೊಂದು ಇಂಚು ಎತ್ತರವಾಯಿತು.

ಜೊತೆಗೆ ಆ ಜಾಗವೇ ಇಲ್ಲ ಈಗ. ಹೈಬರಿಯಲ್ಲಿ ಕೊನೆಯ ಪಂದ್ಯ 7 ಮೇ 2006ರಂದು ವಿಗನ್ ವಿರುದ್ಧ ನಡೆಯಿತು. ಆನ್ರಿ ಹ್ಯಾಟ್ರಿಕ್ ಹೊಡೆದು ನೆಲಕ್ಕೆ ಮುತ್ತಿಟ್ಟ. ಸುಮಾರು 38 ಸಾವಿರ ಜನ ಹಿಡಿಸುತ್ತಿದ್ದ ಆ ಮೈದಾನದ ಸ್ಟ್ಯಾಂಡ್‌ಗಳು ಈಗ ಅಪಾರ್ಟ್‌ಮೆಂಟ್, ಪಿಚ್ ಇದ್ದಲ್ಲಿ ಗಿಡ ಹುಲ್ಲು ಬೆಳೆಸಿದ್ದಾರೆ. ಎಮಿರೇಟ್ಸ್ ದೊಡ್ಡದು, 60 ಸಾವಿರ ಜನ ಕೂರಬಹುದು, ಆದರೆ ಇನ್ವಿನ್ಸಿಬಲ್ಸ್ ಒಂದು ಟೀಮಾಗಿ ಅಲ್ಲಿ ಆಡಲೇ ಇಲ್ಲ. ಅವರು ಅಲ್ಲಿ ಇರುವುದು ಪ್ರತಿಮೆಯಾಗಿ, ಗೋಡೆಯ ಚಿತ್ರವಾಗಿ ಮಾತ್ರ.

ನಮಗೆ, ಅಂದರೆ ಇಲ್ಲಿ ಕೂತು ನೋಡಿದವರಿಗೆ, ಕಥೆ ಸ್ವಲ್ಪ ಬೇರೆ. ನಾವು ಹೈಬರಿ ಕಂಡಿದ್ದೇ ಟೀವಿಯಲ್ಲಿ. ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ ಮೂರು ಗಂಟೆಯ ಪಂದ್ಯಗಳನ್ನು ಟೀವಿಯಲ್ಲಿ ಲೈವ್ ತೋರಿಸುವುದಿಲ್ಲ, ಜನ ಸ್ಟೇಡಿಯಂಗೆ ಬರುವುದು ನಿಂತುಹೋಗಬಾರದು ಅಂತ ಹಳೇ ಕಾಲದ ನಿಯಮ. ಆದರೆ ಹೊರದೇಶಕ್ಕೆ ಅದು ಅನ್ವಯಿಸಲ್ಲ. ಹಾಗಾಗಿ ಲಂಡನ್ನಿನ ಅಭಿಮಾನಿ ರೇಡಿಯೋ ಕೇಳುತ್ತಾ ಕೂತಿದ್ದಾಗ ದಾವಣಗೆರೆಯ ಹಾಸ್ಟೆಲಿನಲ್ಲಿ ನಾವು ಬೇಸಿಗೆಯಲ್ಲಿ ಏಳೂವರೆಗೆ, ಚಳಿಗಾಲದಲ್ಲಿ ಎಂಟೂವರೆಗೆ ಇಎಸ್‌ಪಿಎನ್ ಹಾಕಿಕೊಂಡು ಆರಾಮಾಗಿ ನೋಡಿದ್ದುಂಟು. ಆರಾಮಾಗಿ ಅಂದರೆ, ರಿಮೋಟ್ ಸಿಕ್ಕಿದರೆ.

ಕೊನೆಯ ಪಂದ್ಯ ಇದ್ದದ್ದು 15 ಮೇ 2004ಕ್ಕೆ. ಎರಡು ದಿನ ಹಿಂದೆಯಷ್ಟೇ ಲೋಕಸಭೆ, ವಿಧಾನಸಭೆ ಎರಡರದ್ದೂ ಫಲಿತಾಂಶ ಬಂದಿತ್ತು. ಪ್ರಧಾನಿ ಯಾರು, ನಮ್ಮಲ್ಲಿ ಯಾರಿಗೂ ಬಹುಮತ ಇಲ್ಲ, ಸಿಎಂ ಯಾರು, ಹಾಸ್ಟೆಲಿಗೆಲ್ಲ ಒಂದೇ ಟೀವಿ, ಸೀನಿಯರ್‌ಗಳು ನ್ಯೂಸ್ ಬಿಟ್ಟು ಅಲ್ಲಾಡಲ್ಲ. "ಅಣ್ಣಾ, ಎರಡೇ ತಾಸು ಅಣ್ಣಾ" ಅಂತ ನಾವು ಮೂರು ಜನ ಗೋಗರೆದು, ರಾತ್ರಿಯ ಚಹಾ ನಮ್ಮದು ಅಂತ ಒಪ್ಪಿಕೊಂಡು ಚಾನೆಲ್ ಬದಲಿಸಿದರೆ, ಆಗಲೇ ಲೀಗ್‌ನಿಂದ ಕೆಳಗೆ ಬಿದ್ದಿದ್ದ ಲೆಸ್ಟರ್ 1-0 ಮುಂದೆ. ಗೋಲ್ ಹೊಡೆದಿದ್ದು ಹಿಂದೆ ಆರ್ಸೆನಲ್‌ನಲ್ಲೇ ಇದ್ದ ಪಾಲ್ ಡಿಕೋವ್. ಹಿಂದಿನಿಂದ ಒಬ್ಬ ಸೀನಿಯರ್, "ಇದನ್ನ ನೋಡಕ್ಕಾ ನ್ಯೂಸ್ ತೆಗೆಸಿದ್ದು?" ಹಾಫ್ ಟೈಮ್ ಆದ ಕೂಡಲೇ ಆನ್ರಿ ಪೆನಾಲ್ಟಿ, ಆಮೇಲೆ ವಿಯೆರಾ ಗೋಲ್‌ಕೀಪರನ್ನೂ ದಾಟಿಸಿ ಹಾಕಿದ. 2-1. ಚಹಾದ ದುಡ್ಡು ನಾನೇ ಕೊಟ್ಟೆ, ಅದೂ ನೆನಪಿದೆ.

ನೋಡಿ, ಇಲ್ಲೇ ಇರುವುದು ಗುಟ್ಟು. ನಾನು ಹೇಳಿದ್ದರಲ್ಲಿ ಆರ್ಸೆನಲ್ ಎಷ್ಟು, ಹಾಸ್ಟೆಲ್ ಎಷ್ಟು? ನನಗೇ ಬಿಡಿಸಿ ಹೇಳಲು ಬರಲ್ಲ. ನಿಮ್ಮಣ್ಣ "2004ರ ಟೀಮ್" ಅಂದಾಗ ಅದರೊಳಗೆ ಅವನ ಜೊತೆ ಕೂತು ನೋಡಿದ ಯಾರೋ ಇರುತ್ತಾರೆ, ಯಾವುದೋ ಮನೆ ಇರುತ್ತದೆ. ನೀವು ಟೀಮಿನ ಬಗ್ಗೆ ವಾದ ಮಾಡುತ್ತೀರಿ, ಅವನು ಬೇರೆ ಏನನ್ನೋ ಬಿಟ್ಟುಕೊಡಲು ತಯಾರಿಲ್ಲ. ಬೆಂಗಳೂರು ಎಫ್‌ಸಿ ಅಭಿಮಾನಿಗಳಲ್ಲೂ ಇದನ್ನು ಕಾಣಬಹುದು. ಕ್ಲಬ್ ಶುರುವಾಗಿದ್ದೇ 2013ರಲ್ಲಿ, ಆದರೂ "ಅಶೋಕನಗರದ ಸ್ಟೇಡಿಯಂನಲ್ಲಿ ಆಡ್ತಿದ್ದಾಗ, ಮೊದಲ ಸೀಸನ್ನಲ್ಲೇ ಐ-ಲೀಗ್ ಗೆದ್ದಾಗ" ಅಂತ ಆಗಲೇ ನಿಟ್ಟುಸಿರು ಬಿಡುವವರು ಇದ್ದಾರೆ. ಆಮೇಲೆ 2018-19ರಲ್ಲಿ ಐಎಸ್‌ಎಲ್ಲೂ ಗೆದ್ದರಲ್ಲ ಅಂದರೆ, "ಹೂಂ, ಆದ್ರೆ ಅದು ಬೇರೆ" ಅನ್ನುತ್ತಾರೆ.

ಇನ್ನೊಂದು ತಮಾಷೆ ಹೇಳಿ ಬಿಡುತ್ತೇನೆ. 2002ರಲ್ಲಿ ವೆಂಗರ್ "ಒಂದು ಸೀಸನ್ ಪೂರ್ತಿ ಸೋಲದೆ ಇರಬಹುದು" ಅಂದಾಗ ಎಲ್ಲರೂ ನಕ್ಕಿದ್ದರು. ಅದಾದ ಕೆಲವೇ ವಾರಕ್ಕೆ, ಆಗ 30 ಲೀಗ್ ಪಂದ್ಯ ಸೋಲದೆ ಬಂದಿದ್ದ ಆರ್ಸೆನಲ್ ಅನ್ನು ಎವರ್ಟನ್‌ನ 16 ವರ್ಷದ ಹುಡುಗನೊಬ್ಬ ಕೊನೆ ಗಳಿಗೆಯ ಗೋಲಿನಿಂದ ಸೋಲಿಸಿದ. ಹೆಸರು ವೇಯ್ನ್ ರೂನಿ. ಎರಡು ವರ್ಷದ ಮೇಲೆ, 24 ಅಕ್ಟೋಬರ್ 2004, 50ನೇ ಪಂದ್ಯ, ಮತ್ತೆ ಓಲ್ಡ್ ಟ್ರಾಫರ್ಡ್. ಪೆನಾಲ್ಟಿ ಗಿಟ್ಟಿಸಿದ್ದು ಅಷ್ಟರಲ್ಲಿ ಯುನೈಟೆಡ್ ಸೇರಿದ್ದ ರೂನಿ. ಈ ಸಲ ವಾನ್ ನಿಸ್ಟಲ್‌ರಾಯ್ ತಪ್ಪಲಿಲ್ಲ. ಎರಡನೇ ಗೋಲೂ ರೂನಿಯದೇ, ಸೋಲದ ಓಟ 49ಕ್ಕೇ ನಿಂತಿತು. ಅವತ್ತು ಅವನಿಗೆ 19 ತುಂಬಿದ ಹುಟ್ಟುಹಬ್ಬ. ಅದು ಪೆನಾಲ್ಟಿನೇ ಅಲ್ಲ ಅಂತ ನಿಮ್ಮಣ್ಣ ಹೇಳುತ್ತಾನೆ. ಆ ವಿಷಯದಲ್ಲಿ ಮಾತ್ರ ಅವನ ಮಾತು ಪೂರ್ತಿ ಸರಿ.

ಕೊನೆಗೆ ಒಂದು ಸಲಹೆ. 1 ಮೇ 2004ರ ಬರ್ಮಿಂಗ್‌ಹ್ಯಾಮ್ ಪಂದ್ಯ ಪೂರ್ತಿ ಎಲ್ಲಾದರೂ ಸಿಕ್ಕರೆ ನಿಮ್ಮಣ್ಣನನ್ನು ಕೂರಿಸಿಕೊಂಡು ನೋಡಿ. ಹೈಬರಿ, ಇನ್ವಿನ್ಸಿಬಲ್ಸ್, 0-0. ನಾನು ನನ್ನ ಆ ದೋಸೆ ಗೆಳೆಯನ ಜೊತೆ ಪ್ರಯತ್ನ ಮಾಡಿದೆ. ಇಪ್ಪತ್ತು ನಿಮಿಷಕ್ಕೆ ಅವನು ಆಕಳಿಸಿದ, ಮೂವತ್ತಕ್ಕೆ ನಾನು. ಮೂವತ್ತೈದಕ್ಕೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅದನ್ನು ನಿಲ್ಲಿಸಿ, ಲಿವರ್‌ಪೂಲ್ ವಿರುದ್ಧದ ಆ ಗೋಲ್ ಹಾಕಿಕೊಂಡೆವು.