ಆಸಿಡ್ ಘಾಟು ಹೊಡೆದ ಮೇಲೆ ಗಂಟಲು ಕಟ್ಟುತ್ತಿದೆ, ಇದು ಆಸ್ತಮಾವೇ?

ಪ್ರಶ್ನೆ: ಮೂರು ತಿಂಗಳ ಹಿಂದೆ ಬಚ್ಚಲು ತೊಳೆಯುವಾಗ ಬ್ಲೀಚಿಂಗ್ ಪುಡಿಯ ಮೇಲೆ ಆಸಿಡ್ ಸುರಿದೆ. ಘಾಟಿಗೆ ಉಸಿರೇ ನಿಂತಂತಾಯಿತು. ಆವತ್ತಿನಿಂದ ಫಿನಾಯಿಲ್, ಊದುಬತ್ತಿ, ಒಗ್ಗರಣೆ, ಯಾವುದರ ವಾಸನೆ ಬಂದರೂ ಗಂಟಲು ಹಿಸುಕಿದಂತಾಗಿ ದನಿ ಕಟ್ಟುತ್ತದೆ. ಇನ್‌ಹೇಲರ್ ತೆಗೆದುಕೊಂಡರೂ ಅಷ್ಟಕ್ಕಷ್ಟೆ. ಇದು ಆಸ್ತಮಾವೇ?

ಉತ್ತರ: ಆಸ್ತಮಾ ಇದ್ದರೂ ಇರಬಹುದು. ಆದರೆ ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಧ್ವನಿಪೆಟ್ಟಿಗೆಯನ್ನು ಮೊದಲು ಪರೀಕ್ಷಿಸಬೇಕು ಅನಿಸುತ್ತದೆ. ಮುಂದಿನ ಸಲ ಹೀಗಾದಾಗ ಒಂದನ್ನು ಗಮನಿಸಿ: ಕಷ್ಟವಾಗುವುದು ಉಸಿರು ಎಳೆದುಕೊಳ್ಳುವಾಗಲೋ, ಬಿಡುವಾಗಲೋ? ಆಸ್ತಮಾದಲ್ಲಿ ಎದೆ ಬಿಗಿದು, ಬಿಡುವಾಗ ಸುಂಯ್ ಎನ್ನುವ ಸದ್ದು ಹೆಚ್ಚು. ರಾತ್ರಿ ನಿದ್ದೆಯಿಂದ ಎಬ್ಬಿಸುವುದೂ ಉಂಟು. ಧ್ವನಿಪೆಟ್ಟಿಗೆಯ ತೊಂದರೆಯಲ್ಲಿ ಬಿಗಿತ ಗಂಟಲಲ್ಲಿ. ಎಳೆದುಕೊಳ್ಳುವಾಗ ಗೊರ್ ಎನ್ನುವ ಸದ್ದು. ಕೆಲವೇ ನಿಮಿಷಗಳಲ್ಲಿ ಬಂದು ಹೋಗುತ್ತದೆ.

ಅಂದು ನಡೆದದ್ದು ಇಷ್ಟು. ಬಚ್ಚಲ ಆಸಿಡ್‌ನಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಅದು ಬ್ಲೀಚಿಂಗ್ ಪುಡಿಗೆ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ್ದರಿಂದ ಅದು ನೆಲದ ಹತ್ತಿರವೇ ನಿಲ್ಲುತ್ತದೆ, ಕುಕ್ಕರುಗಾಲಲ್ಲಿ ಕೂತು ಉಜ್ಜುವವರ ಮುಖಕ್ಕೇ ಬಡಿಯುತ್ತದೆ. ಎಲ್ಲ ಅನಿಲವೂ ಒಂದೇ ಕಡೆ ಸುಡುವುದಿಲ್ಲ. ಅಮೋನಿಯ ನೀರಲ್ಲಿ ಬೇಗ ಕರಗುವುದರಿಂದ ಹೆಚ್ಚಾಗಿ ಮೂಗು, ಗಂಟಲನ್ನೇ ಸುಡುತ್ತದೆ. ನೈಟ್ರೋಜನ್ ಡೈಆಕ್ಸೈಡ್ ನಿಧಾನಕ್ಕೆ ಕರಗುತ್ತದೆ, ಹಾಗಾಗಿ ಶ್ವಾಸಕೋಶದ ಆಳಕ್ಕಿಳಿದು ಗಂಟೆಗಳ ನಂತರ ಕಾಡುತ್ತದೆ. ಕ್ಲೋರಿನ್ ಇವೆರಡರ ನಡುವಿನದು. ಒದ್ದೆ ಪೊರೆಯ ಮೇಲೆ ಆಮ್ಲವಾಗಿ, ಧ್ವನಿಪೆಟ್ಟಿಗೆಯೊಳಗಿನ ಧ್ವನಿತಂತುಗಳನ್ನೂ ಶ್ವಾಸನಾಳಗಳನ್ನೂ ಒಟ್ಟಿಗೆ ಗಾಯಗೊಳಿಸಬಲ್ಲದು.

ಧ್ವನಿಪೆಟ್ಟಿಗೆಯ ಮೊದಲ ಕೆಲಸ ಮಾತಲ್ಲ, ಕಾವಲು. ಅನ್ನದ ಅಗುಳೋ ಹೊಗೆಯೋ ಒಳನುಗ್ಗಿದರೆ ಧ್ವನಿತಂತುಗಳು ತಟ್ಟನೆ ಮುಚ್ಚಿಕೊಳ್ಳುತ್ತವೆ. ಒಮ್ಮೆ ಜೋರಾಗಿ ಸುಟ್ಟುಕೊಂಡ ಮೇಲೆ ಕೆಲವರಲ್ಲಿ ಅಲ್ಲಿನ ನರಗಳು ಅತಿಸೂಕ್ಷ್ಮವಾಗುತ್ತವೆ. ಮೊದಲು ಸೀನು ತರಿಸುತ್ತಿದ್ದಷ್ಟು ಮೆಣಸಿನಕಾಯಿ ಘಾಟೇ ಈಗ ಬಾಗಿಲು ಮುಚ್ಚಿಸಲು ಸಾಕು. ಉಸಿರು ಎಳೆಯುವಾಗ ಅಗಲವಾಗಬೇಕಾದ ತಂತುಗಳು ಒಂದಕ್ಕೊಂದು ಹತ್ತಿರ ಸರಿದು, ಹಿಂಬದಿಯಲ್ಲಿ ಕಿರಿದಾದ ಸಂದಿಯಷ್ಟೇ ಉಳಿಯುತ್ತದೆ. ಇದಕ್ಕೆ ವೋಕಲ್ ಕಾರ್ಡ್ ಡಿಸ್‌ಫಂಕ್ಷನ್ ಎನ್ನುತ್ತಾರೆ. ಇನ್‌ಹೇಲರ್ ಸಡಿಲಿಸುವುದು ಶ್ವಾಸನಾಳದ ಸ್ನಾಯುವನ್ನು, ಈ ತಂತುಗಳನ್ನಲ್ಲ. ನಿಮಗೆ ಅದು ನಾಟದಿರುವುದಕ್ಕೆ ಕಾರಣ ಇದೇ ಇರಬಹುದು. 'ಎಲ್ಲಾ ಮನಸ್ಸಿನದು' ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಗಾಬರಿ ಇದನ್ನು ಹೆಚ್ಚಿಸಬಲ್ಲದು, ನಿಜ. ಆದರೆ ಕ್ಯಾಮೆರಾದಲ್ಲಿ ಕಣ್ಣಿಗೆ ಕಾಣುವ ತೊಂದರೆ ಇದು.

ಹಾಗಂತ ಇನ್‌ಹೇಲರನ್ನು ನೀವಾಗಿಯೇ ನಿಲ್ಲಿಸಬೇಡಿ. ಇಂಥ ಒಂದೇ ಘಾಟಿನಿಂದ 24 ಗಂಟೆಯೊಳಗೆ ಆಸ್ತಮಾದಂಥ ಕಾಯಿಲೆ ಶುರುವಾಗಿ ತಿಂಗಳುಗಟ್ಟಲೆ ಉಳಿಯಬಹುದು ಎಂಬುದನ್ನು 1985ರಲ್ಲೇ ವೈದ್ಯರು ದಾಖಲಿಸಿದ್ದಾರೆ. ಎರಡೂ ಒಬ್ಬರಲ್ಲೇ ಇರುವುದು ಅಪರೂಪವಲ್ಲ.

ಶ್ವಾಸಕೋಶ ತಜ್ಞರ ಬಳಿ ಸ್ಪೈರೋಮೆಟ್ರಿ (ಕೊಳವೆಯಲ್ಲಿ ಊದಿಸಿ ಉಸಿರಿನ ವೇಗವನ್ನು ಗೆರೆಯಾಗಿ ತೋರಿಸುವ ಪರೀಕ್ಷೆ), ಇಎನ್‌ಟಿ ವೈದ್ಯರ ಬಳಿ ಲ್ಯಾರಿಂಗೋಸ್ಕೋಪಿ (ಧ್ವನಿಪೆಟ್ಟಿಗೆಯನ್ನು ಕ್ಯಾಮೆರಾದಲ್ಲಿ ನೋಡುವ ಪರೀಕ್ಷೆ) ಮಾಡಿಸಿ. ಸ್ಪೈರೋಮೆಟ್ರಿಯಲ್ಲಿ ಉಸಿರು ಬಿಡುವ ಗೆರೆಯನ್ನಷ್ಟೇ ಅಲ್ಲ, ಎಳೆಯುವ ಗೆರೆಯನ್ನೂ ನೋಡಬೇಕು. ಈ ತೊಂದರೆಯಲ್ಲಿ ಅದು ಚಪ್ಪಟೆಯಾಗಿರಬಹುದು. ಆರಾಮಾಗಿದ್ದಾಗ ಎರಡೂ ಪರೀಕ್ಷೆ ಸರಿಯಾಗಿಯೇ ಬರಬಹುದು, ಆದ್ದರಿಂದ ಯಾವ ವಾಸನೆಗೆ ಹೀಗಾಗುತ್ತದೆಂದು ಮೊದಲೇ ತಿಳಿಸಿ. ಹುಳಿತೇಗು, ಮೂಗಿನ ಹಿಂದಿನಿಂದ ಇಳಿಯುವ ಸಿಂಬಳ ಇದ್ದರೆ ಅವಕ್ಕೂ ಮದ್ದು ಬೇಕು. ಕೆರಳಿದ ಗಂಟಲನ್ನು ಅವು ಮತ್ತೆ ಮತ್ತೆ ಕೆರಳಿಸುತ್ತವೆ.

ಮುಖ್ಯ ಚಿಕಿತ್ಸೆ ಉಸಿರಿನ ತರಬೇತಿ. ಅದನ್ನು ಕಲಿಸುವವರು ವಾಕ್ ಚಿಕಿತ್ಸಕರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ವೃತ್ತಿಯ ತಜ್ಞರಿದ್ದಾರೆ. ಗಂಟಲು ಬಿಗಿಯತೊಡಗಿದಾಗ ಭುಜ ಇಳಿಬಿಡಿ, ನಾಲಿಗೆಯನ್ನು ಸಡಿಲವಾಗಿ ಕೆಳಗಿಡಿ. ಮಲ್ಲಿಗೆ ಮೂಸಿದ ಹಾಗೆ ಮೂಗಿನಿಂದ ಎರಡು ಸಲ ಚಿಕ್ಕದಾಗಿ ಎಳೆದು, ತುಟಿ ಮುಂದೆ ಮಾಡಿ 'ಶ್' ಎಂದು ನಿಧಾನಕ್ಕೆ ಬಿಡಿ. ಮೂಸುವಾಗ ಧ್ವನಿತಂತುಗಳು ಸಹಜವಾಗಿ ಅಗಲವಾಗುತ್ತವೆ, ಅದಕ್ಕೇ ಈ ಕ್ರಮ. ಬಾಯಿ ತೆರೆದು ಏದುಸಿರು ಎಳೆದರೆ ಬಿಗಿತ ಹೆಚ್ಚುತ್ತದೆ. ಆರಾಮಾಗಿದ್ದಾಗಲೇ ದಿನಕ್ಕೆ ನಾಲ್ಕೈದು ಸಲ ಅಭ್ಯಾಸ ಮಾಡಿ. ಕಷ್ಟದ ಹೊತ್ತಲ್ಲಿ ಹೊಸದಾಗಿ ಕಲಿಯಲಾಗುವುದಿಲ್ಲ.

ತುಟಿ ನೀಲಿಯಾದರೆ, ಮುಖ ಅಥವಾ ನಾಲಿಗೆ ಊದಿಕೊಂಡರೆ, ಜೊಲ್ಲು ನುಂಗಲಾಗದಿದ್ದರೆ, ಮಂಪರು ಕವಿದರೆ ಅಭ್ಯಾಸ ಬಿಟ್ಟು 108ಕ್ಕೆ ಕರೆ ಮಾಡಿ.

ಇನ್ನು ಮುಂದೆ ಒಂದು ಸಲಕ್ಕೆ ಒಂದೇ ಕ್ಲೀನರ್ ಬಳಸಿ. ಎರಡನೆಯದು ಬೇಕೇ ಆದರೆ ಮೊದಲಿನದನ್ನು ಧಾರಾಳ ನೀರು ಹೊಯ್ದು ತೊಳೆದು, ಬೇರೆ ದಿನ ಹಾಕಿ. ಬಟ್ಟೆಯ ಮಾಸ್ಕ್ ಕ್ಲೋರಿನ್ ತಡೆಯುವುದಿಲ್ಲ, ಎನ್95 ಕೂಡ ತಡೆಯುವುದಿಲ್ಲ. ಅಪ್ಪಿತಪ್ಪಿ ಬೆರೆತರೆ ತೊಳೆಯಲು ನಿಲ್ಲದೆ ಹೊರಗೆ ನಡೆಯಿರಿ. ಬಟ್ಟೆ ಬದಲಿಸಿ, ಕಣ್ಣನ್ನು ಬರೀ ನೀರಿನಿಂದ 15 ನಿಮಿಷ ತೊಳೆಯಿರಿ. ಕೆಮ್ಮು ಅಥವಾ ಎದೆಬಿಗಿತ ಇಳಿಯದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ; ಶ್ವಾಸಕೋಶದಲ್ಲಿ ನೀರು ತುಂಬುವುದು ಗಂಟೆಗಳ ನಂತರವೂ ಆಗಬಹುದು.